ಕ್ಯಾಮೆರಾ ಬದಿಗಿಟ್ಟು ತೆನೆ ಮುರಿದೆವು

“ತಂಗಿ, ನಾಳೆ ನಮ್ಮ ಹೊಲಕ್ಕೆ ನೀವೆಲ್ಲ ಬರ್ತೀರಲ್ಲ? ತೆನಿ ಮುರಿಯೋದೈತಿ. ನಿಮ್ಮ ಕೆಲ್ಸಕ್ಕೆ ನಾವು ಬಂದಿಲ್ವಾ?”

ತಾಳಗುಂದದ ಮೆಕ್ಕೆಜೋಳದ ಹೊಲದಲ್ಲಿ ನನ್ನ ಮೊದಲ ಕಿರುಚಿತ್ರದ ಶೂಟಿಂಗ್ ಮುಗಿಸಿ ಕೈಮುಗಿಯಲು ಹೋದರೆ ಆ ಊರಿನ ಗಿರಿಜಕ್ಕ ಹೀಗೆ ಕೇಳಬೇಕೆ! ನಾನು ತಬ್ಬಿಬ್ಬಾದೆ. ಹಳೆಯ ಕಪ್ಪು-ಬಿಳುಪು ಸಿನಿಮಾಗಳಲ್ಲಿ ಹೆಂಗಸರು ಸಾಲಾಗಿ ನಿಂತು ದುಡಿಯುವ ದೃಶ್ಯಗಳನ್ನು ನೋಡಿ ನೋಡಿಯೇ ನನಗೆ ನಿರ್ದೇಶನದ ಹುಚ್ಚು ಹತ್ತಿದ್ದು. ಅಂಥದೇ ಒಂದು ದೃಶ್ಯಕ್ಕೆಂದು ಗಿರಿಜಕ್ಕನನ್ನೂ ಅವರ ಓಣಿಯ ಹೆಂಗಸರನ್ನೂ ಕರೆದಿದ್ದೆ. ಸಿನಿಮಾದಲ್ಲಿ ಕಾಣಿಸಿಕೊಳ್ಳುವ ಆಸೆಗೆ ಬಂದಿದ್ದಾರೆ ಎಂದುಕೊಂಡಿದ್ದೆ. ಅವರೋ ಮುಯ್ಯಾಳಾಗಿ ಬಂದಿದ್ದರು. ಇವತ್ತು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು.

ಮರುದಿನ ನಾವಿದ್ದ ಸೊರಬದಿಂದ ನಮ್ಮ ಇಡೀ ತಂಡ ಗಿರಿಜಕ್ಕನ ಹೊಲಕ್ಕೆ ಹೊರಟಿತು. ನಾಯಕಿ ದುಪ್ಪಟ್ಟಾ ಸೊಂಟಕ್ಕೆ ಬಿಗಿದಳು. ಕ್ಯಾಮೆರಾದವನ ಕೈಯೆಲ್ಲ ಜೋಳದ ಗರಿ ಗೀರಿದರೂ ಅವನು ಸಾಲು ಬಿಡಲಿಲ್ಲ. ನಾನು ಹಿಂದೆ ಬಿದ್ದಾಗಲೆಲ್ಲ ಗಿರಿಜಕ್ಕ ನನ್ನ ಸಾಲಿನ ತೆನೆಗಳನ್ನೂ ಮುರಿದು ಬುಟ್ಟಿಗೆ ಹಾಕುತ್ತಿದ್ದರು.

ಮಧ್ಯಾಹ್ನ ಬದುವಿನ ಮೇಲೆ ಹೊರಟಿದ್ದ ಹಿರಿಯರೊಬ್ಬರು ನಿಂತು, “ಈ ಸಿನಿಮಾದೋರಿಗೆ ಇಲ್ಲೇನು ಕೆಲ್ಸ?” ಎಂದರು.

ಗಿರಿಜಕ್ಕ ತಲೆಯೆತ್ತಿದರು. “ಸಿನಿಮಾದೋರು ನಿನ್ನೆ. ಇವತ್ತು ನಮ್ಮ ಮುಯ್ಯಾಳು ರೀ!”

ಚಿತ್ರದ ಕೊನೆಗೆ ಹೆಸರು ಹಾಕುವಾಗ ನಿರ್ದೇಶಕಿ, ನಾಯಕಿ, ಛಾಯಾಗ್ರಾಹಕ ಎಂದು ಬೇರೆ ಬೇರೆ ಬರೆಯಲು ನಮಗ್ಯಾರಿಗೂ ಮನಸ್ಸು ಬರಲಿಲ್ಲ. ಗಿರಿಜಕ್ಕ, ಅವರ ಓಣಿಯವರು, ನಾವು ಎಲ್ಲರೂ ಪರದೆಯ ಮೇಲೆ ಒಟ್ಟಿಗೇ ಬರುತ್ತೇವೆ. ತಲೆಬರಹ ಒಂದೇ: ಮುಯ್ಯಾಳುಗಳು.