ತುರಹಳ್ಳಿ ಬಂಡೆಯ ಕೆಳಗಿನ ನಾಗಲೋಕ

ಬಿ.ಟಿ.ಎಂ. ಲೇಔಟಿನ ನಮ್ಮ ಮನೆಯಿಂದ ತುರಹಳ್ಳಿ ಕಾಡಿಗೆ ನಾವು ಹೊರಟಿದ್ದು ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ. ನಾವು ಎಂದರೆ ನಾನು ಮತ್ತು ಇಂಚರ. ಇಂಚರ ನನ್ನ ಗಂಡನ ಮಗಳು, ಹನ್ನೊಂದು ವರ್ಷದವಳು. ಅವಳ ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ನಾನು ಆ ಮನೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಗದಗಿನಿಂದ ವಿಮಾ ಕಚೇರಿಯ ಕೆಲಸಕ್ಕೆಂದು ಈ ಊರಿಗೆ ಬಂದವಳು ನಾನು. ಅವಳು ನನ್ನನ್ನು ಆಂಟಿ ಎನ್ನುತ್ತಿದ್ದಳು. ನಮ್ಮ ನಡುವೆ ಜಗಳವೇನೂ ಇರಲಿಲ್ಲ. ಅಕ್ಕಪಕ್ಕದ ಬಾಡಿಗೆಯವರ ಹಾಗೆ ಮರ್ಯಾದೆಯಿಂದ ಇದ್ದೆವು, ಅಷ್ಟೆ.

ಅಂಥವಳು ಹಿಂದಿನ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆಂಟಿ, ನಾಳೆ ತುರಹಳ್ಳಿಗೆ ಕರ್ಕೊಂಡು ಹೋಗ್ತೀರಾ? ಅಪ್ಪ ಬೇಡ, ನೀವೇ ಬನ್ನಿ" ಎಂದಳು. ಯಾಕೆ ಎಂದು ಕೇಳದೆ ಒಪ್ಪಿಕೊಂಡೆ. ಕೇಳಿದರೆ ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂಬ ಭಯ.

ರಿಂಗ್ ರಸ್ತೆಯಲ್ಲಿ ಬನಶಂಕರಿಯ ಬಸ್ಸು ಸಿಕ್ಕಿತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಕಿಟಕಿ ಪಕ್ಕದ ಸೀಟೂ ಸಿಕ್ಕಿದ್ದು ನಮ್ಮ ಅದೃಷ್ಟ. ಜೆ.ಪಿ. ನಗರದ ಕಡೆ ಮರಗಳು ಎಲೆಯಿಲ್ಲದೆ ಬರೀ ಗುಲಾಬಿ ಹೂವಾಗಿ ನಿಂತಿದ್ದವು. ಇಂಚರ ಅದನ್ನು ನೋಡಲಿಲ್ಲ. ಚೀಲದಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಎರಡು ತಿಂಗಳಿಂದ ಊಟಕ್ಕೂ ಅದನ್ನು ಹಿಡಿದುಕೊಂಡೇ ಕೂರುತ್ತಿದ್ದಳು.

"ಏನು ಕಥಿ ಅದು?" ಎಂದೆ.

ಒಬ್ಬ ಹುಡುಗಿ ಸತ್ತುಹೋದ ತಾಯಿಯನ್ನು ಕರೆತರಲು ನಾಗಲೋಕಕ್ಕೆ ಇಳಿಯುತ್ತಾಳಂತೆ. ದಾರಿಯಲ್ಲಿ ಗಂಡಭೇರುಂಡದ ಬೆನ್ನೇರಿ ಹಾರುತ್ತಾಳೆ. ಅದರ ಎರಡು ತಲೆಗಳಿಗೆ ಒಂದಕ್ಕೊಂದು ಆಗುವುದಿಲ್ಲ. ನಮ್ಮ ಅಜ್ಜಿಯ ಕಥೆಗಳಲ್ಲಿ ನಾಗರು ಹುತ್ತದಲ್ಲಿರುತ್ತಿದ್ದರು, ಹಾಲೆರೆದರೆ ಸುಮ್ಮನಾಗುತ್ತಿದ್ದರು. ಈ ಪುಸ್ತಕದಲ್ಲಿ ಅವರಿಗೆ ಸೇನೆ, ಸೇತುವೆ, ಕಾವಲುಗಾರರು ಎಲ್ಲ ಇತ್ತು.

"ಅದರಾಗ ಮಲತಾಯಿ ಇದ್ದಾಳೇನು?"

"ಇದ್ದಾಳೆ. ನಿಜವಾಗಿ ಅವಳು ರಾಕ್ಷಸಿ. ಮೂರನೇ ಅಧ್ಯಾಯದಲ್ಲಿ ಗೊತ್ತಾಗುತ್ತೆ" ಎಂದಳು ಪುಟ ತಿರುವುತ್ತಾ. ಮತ್ತೆ ತಲೆಯೆತ್ತಿ, "ನೀವು ಬೇಜಾರು ಮಾಡ್ಕೋಬೇಡಿ. ಈ ಥರ ಪುಸ್ತಕದಲ್ಲೆಲ್ಲ ಹಾಗೇನೇ. ಅಮ್ಮ ಇದ್ಬಿಟ್ರೆ ಹುಡುಗಿ ಮನೆ ಬಿಟ್ಟು ಹೋಗೋದೇ ಇಲ್ಲ, ಕಥೇನೇ ಶುರುವಾಗಲ್ಲ" ಎಂದಳು.

ಬೇಜಾರು ಆಗಿತ್ತು. ಆದರೂ ನಗು ಬಂತು.

ಬನಶಂಕರಿ ಬಸ್ ನಿಲ್ದಾಣದ ಎದುರು ನಿಂತುಕೊಂಡೇ ತಿಂಡಿ ತಿಂದೆವು. ನನಗೆ ಖಾರಾಬಾತ್, ಅವಳಿಗೆ ಸೆಟ್ ದೋಸೆ. ಅಲ್ಲಿಂದ ಮೆಟ್ರೋದಲ್ಲಿ ವಾಜರಹಳ್ಳಿ. ಇಳಿದು ಆಟೋ ಹಿಡಿದಾಗ ಚಾಲಕ ಎಂಬತ್ತು ರೂಪಾಯಿ ಕೇಳಿದ. "ಕಾಡಲ್ಲಿ ಏನಿದೆ ಮೇಡಂ, ಬರೀ ಬಂಡೆ. ಬಿಸಿಲು ಬೇರೆ" ಎಂದ. ಇಂಚರ, "ಬಂಡೆ ನೋಡೋಕೇ ಅಂಕಲ್" ಎಂದಳು.

ಕಾಡು ಎಂದರೆ ಕುರುಚಲು ಗಿಡ, ಕೆಮ್ಮಣ್ಣಿನ ದಾರಿ, ಒಂದಷ್ಟು ನೀಲಗಿರಿ. ಎಲ್ಲೋ ನವಿಲು ಕೂಗಿತು, ಕಾಣಲಿಲ್ಲ. ಬಂಡೆ ಹತ್ತುವಾಗ ನನ್ನ ಚಪ್ಪಲಿ ಜಾರಿತು; ಅವಳು ಹಿಂದಿರುಗಿ ನೋಡಿ ಕೈ ಚಾಚಿದಳು. ಮೇಲಿನಿಂದ ದೂರಕ್ಕೆ ಅಪಾರ್ಟ್‌ಮೆಂಟುಗಳ ಸಾಲು ಕಾಣುತ್ತಿತ್ತು. ಆನೆಯ ಬೆನ್ನಿನಂಥ ಬಂಡೆಯೊಂದರ ಮುಂದೆ ಅವಳು ನಿಂತುಬಿಟ್ಟಳು.

"ಇದೇ ಅನ್ಸುತ್ತೆ, ನಾಗಲೋಕದ ಬಾಗಿಲು. ಊರಿನ ದಕ್ಷಿಣಕ್ಕೆ, ಕುರುಚಲು ಕಾಡಲ್ಲಿ, ಆನೆ ಬೆನ್ನಿನ ಥರದ ಬಂಡೆ ಅಂತ ಪುಸ್ತಕದಲ್ಲಿ ಬರ್ದಿದ್ದಾರೆ. ನೆರಳು ಕಾಲ ಕೆಳಗೆ ಬಂದಾಗ ಕಿವಿ ಇಟ್ರೆ ಕೆಳಗಡೆಯವರ ಮಾತು ಕೇಳ್ಸುತ್ತಂತೆ. ಬಾಗಿಲಲ್ಲಿ ಕಾಯೋಕೆ ಒಬ್ರು ಇರ್ಬೇಕು. ಅಪ್ಪ ಆದ್ರೆ ಅಳ್ತಾರೆ." ನನ್ನ ಮುಖ ನೋಡದೆ ಸೇರಿಸಿದಳು: "ಸುಳ್ಳು ಅಂತ ನಂಗೊತ್ತು."

ನಾನು ಬುತ್ತಿ ಬಿಚ್ಚಿದೆ. ನೆರಳಿನಲ್ಲಿ ಕೂತು ಚಪಾತಿ, ಶೇಂಗಾ ಚಟ್ನಿ ತಿಂದು ಹೊತ್ತು ನೆತ್ತಿಗೇರುವವರೆಗೆ ಕಾದೆವು. ಆಮೇಲೆ ಅವಳು ಬಂಡೆಯ ಮೇಲೆ ಮಗ್ಗುಲಾಗಿ ಮಲಗಿ ಕಿವಿಯಿಟ್ಟು ಕಣ್ಣು ಮುಚ್ಚಿದಳು. ಬಹಳ ಹೊತ್ತು ಅಲುಗಲಿಲ್ಲ. ಅವಳ ಜಡೆ ಧೂಳಿನಲ್ಲಿ ಬಿದ್ದಿತ್ತು. ಕಾಯುವುದಷ್ಟೇ ಸಾಲದೆನಿಸಿ ನಾನೂ ಅವಳೆದುರು ಮಲಗಿ ಕಿವಿಯಿಟ್ಟೆ. ಬಂಡೆ ಕೆನ್ನೆ ಸುಡುವಷ್ಟು ಕಾದಿತ್ತು.

"ಏನಾದ್ರೂ ಕೇಳ್ಸ್ತಾ?" ಎಂದಳು ಕಣ್ಣು ತೆರೆದು.

ಏನೋ ಕೇಳಿಸಿತು ಎಂದುಬಿಡುವ ಆಸೆ ನಾಲಗೆಯ ತುದಿಯವರೆಗೂ ಬಂತು. "ಇಲ್ಲವ್ವಾ" ಎಂದೆ.

"ನಂಗೂ ಇಲ್ಲ. ನೀವು ಹೂಂ ಅಂದಿದ್ರೆ ನಾನು ಇನ್ಮೇಲೆ ನಿಮ್ಮತ್ರ ಏನೂ ಕೇಳ್ತಿರಲಿಲ್ಲ."

ಎದ್ದು ಕೂತು ಮಂಡಿಗೆ ಗಲ್ಲ ಒತ್ತಿಕೊಂಡಳು. "ಅಮ್ಮನ ಮುಖ ಫೋಟೋದಲ್ಲಿದೆ. ದನಿ ಮರ್ತುಹೋಗ್ತಿದೆ ಆಂಟಿ. ಅಪ್ಪನ ಹಳೇ ಫೋನಲ್ಲಿ ವಿಡಿಯೋ ಇದೆ. ಕೇಳಿದ್ರೆ ಅಪ್ಪ ಎದ್ದು ಹೋಗ್ತಾರೆ." ಆಗ ಅಳು ಬಂತು ಅವಳಿಗೆ. ತಬ್ಬಿಕೊಳ್ಳಬಹುದೋ ಇಲ್ಲವೋ ತಿಳಿಯದೆ ಅವಳ ಜಡೆಯ ಧೂಳು ಕೊಡವುತ್ತಾ ಕೂತೆ. ಅವಳು ಬೇಡ ಎನ್ನಲಿಲ್ಲ.

"ಅಪ್ಪನ್ನ ಮತ್ತೊಂದು ಸಲ ಕೇಳು. ನಾನೂ ಬಾಜೂಕ ಇರ್ತೀನಿ" ಎಂದೆ.

ಮರಳುವ ದಾರಿಯಲ್ಲಿ ಅವಳು ಪುಸ್ತಕ ತೆಗೆಯಲಿಲ್ಲ. ಮೆಟ್ರೋದಲ್ಲಿ ಜನ, ಬಸ್ಸಿನಲ್ಲಿ ಇನ್ನೂ ಜನ. ನಿಂತುಕೊಂಡೇ ಬಂದೆವು. ಮನೆಯಲ್ಲಿ ಇವರು ಬನಿಯನ್ನಿನಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಇಂಚರ ಚಪ್ಪಲಿಯನ್ನೂ ಬಿಚ್ಚದೆ ಅವರ ಮುಂದೆ ನಿಂತು, "ಅಪ್ಪ, ಅಮ್ಮನ ವಿಡಿಯೋ ಬೇಕು. ಎದ್ದು ಹೋಗ್ಬೇಡಿ" ಎಂದಳು.

ಅವರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಎದ್ದರು, ಆದರೆ ಹೋಗಿದ್ದು ಬೀರುವಿನ ಕಡೆಗೆ. ಸೀರೆಗಳ ಅಡಿಯಿಂದ ಫೋನ್ ತೆಗೆದು ಚಾರ್ಜಿಗೆ ಹಾಕಿದರು. ಅದು ಜೀವ ಹಿಡಿಯುವವರೆಗೆ ತಂದೆ ಮಗಳಿಬ್ಬರೂ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಇದು ಅವರಿಬ್ಬರದು ಎಂದುಕೊಂಡು ನಾನು ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟೆ.

ಹೊರಗಿನ ಕೋಣೆಯಿಂದ ನಾನೆಂದೂ ಕೇಳಿರದ ಹೆಣ್ಣುದನಿ ಬಂತು. "ಪುಟ್ಟೀ, ಆ ಚಟ್ನಿ ಮುಟ್ಟಬೇಡ, ಖಾರ ಇದೆ" ಎನ್ನುತ್ತಾ ನಗುತ್ತಿತ್ತು. ಅದರ ಹಿಂದೆಯೇ ಇಂಚರ ಕರೆದಳು.

"ಆಂಟಿ, ಬೇಗ ಬನ್ನಿ. ಅಮ್ಮ ಮಾತಾಡ್ತಿದ್ದಾಳೆ."

ಒಲೆ ಆರಿಸಿ ಹೋದೆ. ಅವಳು ಅಪ್ಪನ ಕಡೆ ಸರಿದು, ತನ್ನ ಈಚೆ ಪಕ್ಕದಲ್ಲಿ ನನಗೆ ಜಾಗ ಮಾಡಿದಳು.