ಗಬ್ಬು ಡಾಕ್ಟ್ರು ಕೊಂದ ಅಜ್ಜಿ

ಕೊಳೆತ ಪಾದದ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಬಣ್ಣಿಸಿ ಉಪಯೋಗವಿಲ್ಲ. ಸಕ್ಕರೆ ಕಾಯಿಲೆಯವರ ಕಾಲಲ್ಲಿ ಹುಣ್ಣೆದ್ದು, ಅದು ಒಳಗೊಳಗೇ ಗೂಡು ಕಟ್ಟಿ, ಸುತ್ತಿದ ಬಟ್ಟೆ ಬಿಚ್ಚಿದ ಕೂಡಲೇ ಕೋಣೆಯಲ್ಲಿದ್ದವರೆಲ್ಲ ಯಾವುದೋ ಫೋನು ಬಂದವರಂತೆ ಒಬ್ಬೊಬ್ಬರೇ ಹೊರಗೆ ಜಾರುತ್ತಾರೆ. ಆಮೇಲೂ ಒಳಗೆ ಉಳಿಯುವವಳು ಇವಳು. ಸಣ್ಣ ಆಸ್ಪತ್ರೆಯೊಂದರಲ್ಲಿ, ಮೆಟ್ಟಿಲ ಕೆಳಗಿನ ಡ್ರೆಸಿಂಗ್ ಕೋಣೆಯೇ ಇವಳ ರಾಜ್ಯ. ನಿಂತರೆ ತಲೆಗೆ ಮೆಟ್ಟಿಲು ತಾಗುತ್ತಿತ್ತು, ಹಾಗಾಗಿ ಮೂರು ವರ್ಷ ಬಗ್ಗಿಯೇ ಕೆಲಸ ಮಾಡಿದ್ದಳು. ನರ್ಸುಗಳು ಇಟ್ಟ ಹೆಸರು ಗಬ್ಬು ಡಾಕ್ಟ್ರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಮುಖದೆದುರೇ.

ಕೀವಿಗೆ ಇವಳು ಮೂಗು ಮುರಿದವಳಲ್ಲ. ಹೇಸಿಗೆಯಾಗುತ್ತಿದ್ದದ್ದು ಅದರ ಮುಂದಿನದಕ್ಕೆ. ದಿನ ಬಿಟ್ಟು ದಿನ ತೊಳೆದು, ಸತ್ತ ಮಾಂಸ ಕೆರೆದು, ಬೆರಳೊಂದನ್ನು ತೆಗೆದರೆ ಪಾದ ಉಳಿಯುತ್ತದೆ ಎನ್ನುವ ಹದಕ್ಕೆ ತಂದು ಮೇಲಿನ ಮಹಡಿಗೆ ಕಳಿಸಿದರೆ, ಅಲ್ಲಿನ ಸರ್ಜನ್ನು ಮಂಡಿಯ ಕೆಳಗೆ ಕೊಯ್ದು ಕಳಿಸುತ್ತಿದ್ದ. ಕೇಳಿದರೆ, "ಬೆರಳು ತೆಗ್ದು ಕಾಯ್ತಾ ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ?" ಅನ್ನುತ್ತಿದ್ದ. ಚಾಕು ತನ್ನ ಕೈಗೆ ಬರಬೇಕಾದರೆ ಸರ್ಜರಿಯಲ್ಲಿ ರೆಸಿಡೆನ್ಸಿ ಸಿಗಬೇಕು, ಅಂದರೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಐದು ವರ್ಷ ಹಿರಿಯರ ಕೈಕೆಳಗೆ ಪಳಗಬೇಕು. ಅದಕ್ಕೆ ಅಡ್ಡ ನಿಂತದ್ದು ಇವಳ ಪರವಾನಗಿ ಪರೀಕ್ಷೆಯ ಅಂಕ. ಮೊದಲ ಸಲ ಗೋತಾ. ಎರಡನೇ ಸಲ ದಡ ಮುಟ್ಟಿದಳು, ಆದರೆ ಈಜಿದಳು ಅನ್ನುವಂತಿರಲಿಲ್ಲ, ಹೆಣದ ಹಾಗೆ ತೇಲಿ ಬಂದಿದ್ದಳು. ಆ ಫಲಿತಾಂಶಕ್ಕೂ ಹಾಲಿನ ಪೊಟ್ಟಣದಂತೆ ಒಂದು ಗಡುವಿತ್ತು. ಮೂರು ವರ್ಷದೊಳಗೆ ಸೀಟು ಸಿಗದಿದ್ದರೆ ಮತ್ತೆ ಅರ್ಜಿಯೇ ಇಲ್ಲ. ಇದು ಮೂರನೆಯದು.

ಅಂಕ ಯಾಕೆ ಕಡಿಮೆ ಅಂದರೆ ಉತ್ತರ ಎರಡು. ಒಂದು, ಬುದ್ಧಿವಂತೆಯೇನೂ ಅಲ್ಲ; ಕಿಡ್ನಿಯ ಪಾಠ ಬಂದರೆ ಅಂದಿಗೂ ಇಂದಿಗೂ ತಲೆಗೆ ಮಂಜು ಕವಿಯುತ್ತದೆ. ಇನ್ನೊಂದು, ಓದಬೇಕಾದ ತಿಂಗಳುಗಳಲ್ಲಿ ಆಸ್ಪತ್ರೆಯ ಗೇಟಿನ ಮುಂದೆ ಧರಣಿ ಕೂತಿದ್ದಳು. ಇವಳು ತರಬೇತಿ ಪಡೆದ ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ಬಳಸಿದ ಕೈಗವಸನ್ನು ತೊಳೆದು, ಪೌಡರು ಹಾಕಿ, ಹಿತ್ತಲ ತಂತಿಗೆ ಒಣಹಾಕುತ್ತಿದ್ದರು. ಗಾಳಿ ಬಂದರೆ ನೂರಾರು ಬಿಳೀ ಕೈಗಳು ಟಾಟಾ ಮಾಡುತ್ತಿದ್ದವು. ಅಂಥದ್ದೊಂದು ತೂತುಬಿದ್ದ ಕೈಗವಸು ಹಾಕಿಕೊಂಡು ಕಸ ತುಂಬುತ್ತಿದ್ದ ವಾರ್ಡಿನ ಆಯಾಗೆ ಸೂಜಿ ಚುಚ್ಚಿ, ಕಾಮಾಲೆ ಹತ್ತಿ, ಲಿವರು ಕೈಕೊಟ್ಟು ಹೆಂಗಸು ಮೂಲೆ ಹಿಡಿದಳು. ಆಗ ಎದ್ದದ್ದು ಧರಣಿ. ಮುಂದೆ ನಿಂತು ಕೂಗಿದ, ಇವಳಿಗಿಂತ ಹಿರಿಯ ಡಾಕ್ಟರನಿಗೆ ಎಲ್ಲರೂ ಮೈಕು ಅನ್ನುತ್ತಿದ್ದರು, ಅಂಥ ಗಂಟಲು. ಇವಳಿಗೆ ಗಂಟಲಿರಲಿಲ್ಲ, ಜಮಖಾನೆ ಹಾಸುವುದು, ನೀರು ತರುವುದು, ಕೂರುವುದು ಇವಳ ಪಾಲಿಗೆ ಬಂತು. ಹೊಸ ಕೈಗವಸೂ ಬಂತು. ಪರೀಕ್ಷೆ ಮಾತ್ರ ಕೈಗವಸಿನ ಬಗ್ಗೆ ಕೇಳಲಿಲ್ಲ, ಕಿಡ್ನಿಯ ಬಗ್ಗೆ ಕೇಳಿತು.

ಕಡಿಮೆ ಅಂಕದವರಿಗೆ ಸಂದರ್ಶನದ ಉತ್ತರ ಹೆಣೆದುಕೊಡುವವನೊಬ್ಬನಿದ್ದ. ಔಷಧಿ ಅಂಗಡಿಯ ಮೇಲೆ ಅವನ ಕೋಣೆ. ವೈದ್ಯ ಓದಿದವನಲ್ಲ. ಹುಡುಗರು ಇಟ್ಟ ಹೆಸರು ಕತೆ ಮೇಷ್ಟ್ರು. ಇವಳು ಧರಣಿ ಅನ್ನುತ್ತಿದ್ದ ಹಾಗೇ ಕಿವಿ ಮುಚ್ಚಿಕೊಂಡ.

"ಆ ಮಾತು ಬಾಯಿಗೆ ಬರಬಾರದು ಕಣಮ್ಮ. ಮನೇಲಿ ಈಚೆಗೆ ಯಾರಾದ್ರೂ ಸತ್ತಿದ್ದಾರಾ?"

"ಇಲ್ಲ."

"ಹಾಸಿಗೆ ಹಿಡಿದೋರು?"

"ಇಲ್ಲ."

"ಛೆ. ವಯಸ್ಸಾದೋರು ಯಾರಿದ್ದಾರೆ?"

"ಅಜ್ಜಿ. ಗುಂಡುಕಲ್ಲಿನ ಹಾಗಿದ್ದಾರೆ."

"ಸಾಯ್ಸೋಣ," ಎಂದ, ಅಂಗಿ ಅಳತೆ ತೆಗೆಯುವವನಷ್ಟು ಸಲೀಸಾಗಿ. "ಕ್ಯಾನ್ಸರು ಹೋದ ವರ್ಷ ಎಲ್ಲರಿಗೂ ಕೊಟ್ಟೆ, ಹಳಸಿದೆ. ಈ ವರ್ಷ ಕಿಡ್ನಿ ನಡೀತಿದೆ. ಪರೀಕ್ಷೆ ಹೊತ್ತಿಗೆ ಕಿಡ್ನಿ ಹೋಯ್ತು, ನೀನೇ ಆರೈಕೆ ಮಾಡಿದೆ, ನಿನ್ನ ತೊಡೆ ಮೇಲೇ ಜೀವ ಬಿಟ್ರು. ಹೇಳ್ತಾ ಒಂದು ಕಡೆ ಗಂಟಲು ಕಟ್ಟಬೇಕು. ಅಳಬೇಡ, ಅತ್ತರೆ ಸರ್ಜರಿಗೆ ಲಾಯಕ್ಕಿಲ್ಲ ಅಂತಾರೆ."

ಮೆಟ್ಟಿಲಿಳಿಯುವಾಗ ಬಾಯಲ್ಲಿ ತುಕ್ಕಿನ ರುಚಿ. ಎಂಥೆಂಥ ಕಾಲು ಬಿಚ್ಚಿದವಳಿಗೆ ಆ ಕೋಣೆಯ ಊದುಬತ್ತಿಯ ಪರಿಮಳ ತಡೆಯಲಾಗಿರಲಿಲ್ಲ. ಆದರೂ ಹೇಸುತ್ತಲೇ ಒಪ್ಪಿದಳು, ನಮ್ಮಲ್ಲಿ ಬಹಳ ಜನ ಒಪ್ಪುವುದೇ ಹಾಗೆ. ಮನೆಗೆ ಬಂದು ಅಜ್ಜಿಗೆ ವಿಷಯ ಹೇಳಿದಳು. ತಂದೆ ತಾಯಿಯನ್ನು ಬೇಗ ಕಳೆದುಕೊಂಡ ಇವಳನ್ನು, ಹೊಲಿಗೆ ಯಂತ್ರ ತುಳಿದು ಡಾಕ್ಟರು ಮಾಡಿದ್ದು ಆ ಅಜ್ಜಿಯೇ. ಮುದುಕಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ಕಣ್ಣೆತ್ತಲಿಲ್ಲ.

"ಸಾಯ್ಸೋದು ಸಾಯ್ಸ್ತೀಯ, ನೋವಿಲ್ದಂಗೆ ಸಾಯ್ಸು. ಮತ್ತೆ, ನಾನೂ ಬರ್ತೀನಿ."

"ಎಲ್ಲಿಗೆ?"

"ಇಂಟರ್ವ್ಯೂಗೆ. ನಾನು ಹೆಂಗೆ ಸತ್ತೆ ಅಂತ ಯಾರಾದ್ರೂ ಕೇಳಿದ್ರೆ ನಿಂಗೇನೇ ಗೊತ್ತು? ಜೀವನದಲ್ಲಿ ಒಂದು ಸರ್ತಿನೂ ನೆಟ್ಟಗೆ ಸುಳ್ಳು ಹೇಳ್ದೋಳಲ್ಲ."

ಬರಬೇಡ ಎಂದರೂ ಕೇಳಲಿಲ್ಲ. ಕರೆ ಬಂದದ್ದು ಒಂದೇ ಆಸ್ಪತ್ರೆಯಿಂದ, ಅದೇ ದೊಡ್ಡಾಸ್ಪತ್ರೆಯಿಂದ. ಹಿತ್ತಲ ತಂತಿ ಇನ್ನೂ ಇತ್ತು, ಕೈಗವಸು ಇರಲಿಲ್ಲ. ಬಾಗಿಲ ಹೊರಗಿನ ಬೆಂಚಿನಲ್ಲಿ ಅಜ್ಜಿ ಕಡಲೆಕಾಯಿ ಬಿಡಿಸುತ್ತಾ, ಸಿಪ್ಪೆಯನ್ನು ಸೆರಗಿಗೆ ಹಾಕಿಕೊಳ್ಳುತ್ತಾ ಕೂತಳು.

ಒಳಗೆ ಇಬ್ಬರು. ನಡುವಿನ ದೊಡ್ಡ ಕುರ್ಚಿಯಲ್ಲಿ ಆಸ್ಪತ್ರೆಯ ಮುಖ್ಯಸ್ಥ, ಮುದಿ ಕಿಡ್ನಿ ತಜ್ಞ, ತೂಕಡಿಸುವವನ ಹಾಗಿದ್ದರೂ ಕಣ್ಣು ಬೆಕ್ಕಿನದು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಕೋಟಿನೊಳಗೆ ಮೈಕು. ನಾಲ್ಕು ವರ್ಷದ ಹಿಂದೆ ಇದೇ ಕಟ್ಟಡದ ಕಡೆ ಮುಷ್ಟಿ ಎತ್ತಿ ಗಂಟಲು ಹರಿದುಕೊಂಡವನು ಈಗ ಈ ಕಡೆ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಇವಳನ್ನು ಕಂಡು ನಕ್ಕ, ಬಸ್ಸಿನಲ್ಲಿ ಅಪರಿಚಿತರಿಗೆ ನಗುವಷ್ಟೇ.

"ಅಂಕ ಯಾಕೆ ಇಷ್ಟು ಕಡಿಮೆ?" ಮುಖ್ಯಸ್ಥ ಕೇಳಿದ.

"ಪರೀಕ್ಷೆ ಹೊತ್ತಿಗೆ ನಮ್ಮಜ್ಜಿ ತೀರಿಕೊಂಡ್ರು ಸರ್. ಕಿಡ್ನಿ ಫೇಲಾಗಿ."

ಮುಖ್ಯಸ್ಥನ ಕಣ್ಣು ಪೂರ್ತಿ ತೆರೆಯಿತು. "ಹೌದಾ? ಹೇಳಿ ಹೇಳಿ. ಏನಾಗಿತ್ತು?"

ಇಲ್ಲಿ ಇವಳು ಮಾಡಿದ ತಪ್ಪನ್ನು ಡಾಕ್ಟರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಗಂಟಲು ಕಟ್ಟಬೇಕಾದ ಜಾಗದಲ್ಲಿ, ವರ್ಷಗಟ್ಟಲೆ ರೌಂಡ್ಸಿನಲ್ಲಿ ನಿಂತ ಅಭ್ಯಾಸಕ್ಕೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೇಸು ಒಪ್ಪಿಸತೊಡಗಿದಳು. "ಎಪ್ಪತ್ತೆರಡು ವರ್ಷದ ಹೆಂಗಸು, ಎರಡು ದಿನದಿಂದ ಮೂತ್ರ ಕಡಿಮೆ, ಸುಸ್ತು, ವಾಂತಿ..."

"ಪೊಟ್ಯಾಸಿಯಂ?"

"ಏಳು ಸರ್."

"ಇಸಿಜಿ?"

"ಬದಲಾವಣೆ ಇತ್ತು ಸರ್."

"ಮೊದಲು ಏನು ಕೊಟ್ರಿ?"

ತಲೆಯಲ್ಲಿ ಹಳೇ ಮಂಜು. "ಡಯಾಲಿಸಿಸ್‌ಗೆ ಕಳಿಸ್ದೆ ಸರ್."

"ಹಂಗೇನಾ? ಪೊಟ್ಯಾಸಿಯಂ ಅಷ್ಟು ಏರಿದ್ರೂ, ಹೃದಯ ಕಾಪಾಡೋಕೆ ಕ್ಯಾಲ್ಸಿಯಂ ಕೊಡ್ದೆ? ಆಂಬುಲೆನ್ಸ್ ಗೇಟು ದಾಟೋದ್ರೊಳಗೆ ಹೃದಯ ನಿಂತಿರತ್ತೆ. ಕಾಯಿಲೆ ಅಲ್ಲಮ್ಮ ಕೊಂದಿದ್ದು, ನೀವು."

"ಇಲ್ಲ ಸರ್, ನಾನು..." ಬದುಕಿರುವವಳನ್ನು ತಾನು ಕೊಲ್ಲಲಿಲ್ಲ ಎಂದು ವಾದ ಮಾಡುತ್ತಿದ್ದಳು. ಬಾಗಿಲಾಚೆ ಕಡಲೆಕಾಯಿ ಚಟಕ್ಕೆಂದ ಸದ್ದು ಕೇಳಿಸಿತು. ತನ್ನ ಮೇಲೆ ತನಗೇ ಎಂಥ ಅಸಹ್ಯ ಹುಟ್ಟಿತೆಂದರೆ, ಕಾಲು ಬಿಚ್ಚಿದಾಗ ಜನ ಓಡುವಂತೆ ತನ್ನಿಂದ ತಾನೇ ಓಡಬೇಕೆನಿಸಿತು.

"ಅವರು ಸತ್ತಿಲ್ಲ ಸರ್. ಹೊರಗೆ ಕೂತಿದ್ದಾರೆ, ಬೇಕಾದ್ರೆ ನಾಡಿ ನೋಡಿ. ನಾನು ಗೇಟಲ್ಲಿ ಧರಣಿ ಕೂತಿದ್ದೆ. ಕಿಡ್ನಿ ಪಾಠನೂ ಬರಲ್ಲ. ಎರಡೂ ನಿಜ."

ಮುಖ್ಯಸ್ಥ ಮನಸಾರೆ ನಕ್ಕ. "ಬೆಳಗ್ಗಿಂದ ನೀವು ಮೂರನೇ ಅಜ್ಜಿ. ಮೂವರಿಗೂ ಕಿಡ್ನಿ! ಅದಕ್ಕೆಲ್ಲ ನಾವು ಬೇಜಾರು ಮಾಡ್ಕೊಳಲ್ಲ. ಧರಣಿ ವಿಷಯ ನೀವಾಗೇ ಹೇಳಿದ್ದು ಒಳ್ಳೇದಾಯ್ತು. ಕೊಳೆತ ಕಾಲಿನ ಕೆಲಸಕ್ಕೆ ನಮಗೂ ಜನ ಇಲ್ಲ. ಸೀಟು ಕೊಡ್ತೀನಿ. ಒಂದು ಮುಚ್ಚಳಿಕೆ ಬರ್ದುಕೊಡಿ ಸಾಕು. ತೊಳೆದ ಕೈಗವಸು ನಾನು ಕಣ್ಣಲ್ಲಿ ಕಂಡಿಲ್ಲ, ಬೇರೆಯೋರ ಮಾತು ಕೇಳಿ ಕೂತೆ, ಅಂತ. ಆ ಆಯಾ ಕೇಸು ಇನ್ನೂ ಕೋರ್ಟಲ್ಲಿದೆ, ಅದಕ್ಕೆ. ಇವರೂ ಬರ್ದುಕೊಟ್ಟಿದ್ದಾರೆ."

ಇವರು ಅಂದರೆ ಮೈಕು. ಅವನು ಪೆನ್ನಿನ ಮುಚ್ಚಳ ಹಾಕಿ, ಪೆನ್ನನ್ನು ಮೇಜಿನ ಮೇಲೆ ಇವಳ ಕಡೆಗೆ ತಳ್ಳಿದ. ಮೊದಲ ಸಲ ಬಾಯಿಬಿಟ್ಟ. ಆ ಗಂಟಲು ಸೊಳ್ಳೆಯದಾಗಿತ್ತು. "ಬರ್ದುಬಿಡು. ನಾಲ್ಕು ಸಾಲು. ಆಮೇಲೆ ಏನೂ ಅನ್ಸಲ್ಲ."

ಪೆನ್ನು ಎತ್ತಿದಳು. ಮುಚ್ಚಳಕ್ಕೆ ಅವನ ಅಂಗೈ ಬೆವರು ಅಂಟಿತ್ತು. ಅಜ್ಜಿಯನ್ನೇ ಕೊಂದು ಬಂದವಳಿಗೆ ನಾಲ್ಕು ಸಾಲು ಯಾವ ಲೆಕ್ಕ? ಹಾಗಂತ ತನಗೆ ತಾನೇ ಹೇಳಿಕೊಂಡಳು. ಆ ಕೈಗವಸು ಇವಳೂ ಹಾಕಿಕೊಂಡಿದ್ದಳು, ಒಳಗಿನ ಪೌಡರು ಬೆರಳಸಂದಿಗೆ ಹಿಟ್ಟಿನ ಹಾಗೆ ಮೆತ್ತುತ್ತಿತ್ತು. ಕಣ್ಣಲ್ಲಿ ಕಂಡಿಲ್ಲ ಎಂದು ಬರೆಯಲು ಕಾಗದಕ್ಕೆ ಪೆನ್ನಿನ ಮುಳ್ಳು ತಾಗಿಸಿದಳು. ಒಂದಕ್ಷರವೂ ಇಳಿಸದೆ ಎತ್ತಿದಳು. ಧೈರ್ಯವೂ ಅಲ್ಲ, ತತ್ವವೂ ಅಲ್ಲ. ಇನ್ನೊಂದು ಕ್ಷಣ ಕೂತರೆ ಮೇಜಿನ ಮೇಲೇ ಕಕ್ಕುತ್ತಿದ್ದಳು. ಪೆನ್ನಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಬಂದುಬಿಟ್ಟಳು.

ಅಜ್ಜಿ ಬೆಂಚಿನಿಂದ ಎದ್ದಳು. "ಸಿಕ್ತೇನೇ?"

ಕಾರಿಡಾರಿನ ಕೊಳಾಯಿಯಲ್ಲಿ ಬಾಯಿ ತೊಳೆದುಕೊಂಡು, ಇವಳು ಎಲ್ಲವನ್ನೂ ಹೇಳಿದಳು. ಮುದುಕಿ ಬೆನ್ನು ಸವರುತ್ತಾಳೆ ಎಂದು ನೀವು ಅಂದುಕೊಂಡಿದ್ದರೆ ಆ ಮುದುಕಿ ನಿಮಗೆ ಗೊತ್ತಿಲ್ಲ.

"ನಾಲ್ಕು ಸಾಲು ಬರೆಯೋಕಾಗ್ಲಿಲ್ವಾ? ನಾಲ್ಕು ಸಾಲು! ಹಂಗಿದ್ಮೇಲೆ ನನ್ನ ಯಾಕೆ ಸಾಯ್ಸಿದ್ಯೇ, ಮುಂಡೇದೇ?"

"ಬರಲಿಲ್ಲ ಅಜ್ಜಿ. ಕೈಗೆ ಬರಲಿಲ್ಲ."

"ನನ್ನ ಕೊಲ್ಲೋಕೆ ಬಂತು!"

ಮುದುಕಿ ಸೆರಗಿನ ಸಿಪ್ಪೆಯನ್ನೆಲ್ಲ ಮುಖ್ಯಸ್ಥನ ಬಾಗಿಲ ಮುಂದೆ ಕೊಡವಿ ನಡೆದಳು. ಬಸ್ಸಿನಲ್ಲಿ ಮೊಮ್ಮಗಳ ಪಕ್ಕ ಕೂರದೆ ಮುಂದಿನ ಸೀಟಿಗೆ ಹೋದಳು.

ಉಳಿದಿಬ್ಬರು ಅಜ್ಜಿ ಸತ್ತವರಿಗೆ ಸೀಟು ಸಿಕ್ಕಿತು. ಗಡುವು ಮುಗಿಯಿತು. ಗಬ್ಬು ಡಾಕ್ಟ್ರು ಮೆಟ್ಟಿಲ ಕೆಳಗೇ ಇದ್ದಾಳೆ, ಬಗ್ಗಿಯೇ. ಮಂಡಿ ಕೊಯ್ಯುವವನು ಮೇಲೆ ಕೊಯ್ಯುತ್ತಲೇ ಇದ್ದಾನೆ. ವಾರ್ಡಿನ ಆಯಾಳ ಕಡೆಯ ವಕೀಲನ ಬಳಿ ಹೋಗಿ ಇವಳು ಸಾಕ್ಷಿ ಹೇಳುತ್ತೇನೆ ಎಂದು ಹೆಸರು ಕೊಟ್ಟು ಬಂದಿದ್ದಾಳೆ. ಕಳೆದುಕೊಳ್ಳುವುದಕ್ಕೆ ಇನ್ನೇನೂ ಉಳಿದಿಲ್ಲವಲ್ಲ.

ಅಜ್ಜಿಯ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಸಂಜೆ ಮನೆಗೆ ಬಂದು, "ಊಟ ಆಯ್ತಾ ಅಜ್ಜಿ?" ಎಂದು ಕೇಳಿದರೆ, ಹೊಲಿಗೆ ಯಂತ್ರ ತುಳಿಯುತ್ತಲೇ ಅನ್ನುತ್ತಾಳೆ:

"ಸತ್ತೋರು ಉಣ್ಣಲ್ಲಮ್ಮ. ನೀನು ಡಾಕ್ಟ್ರಲ್ವಾ, ಅಷ್ಟೂ ಗೊತ್ತಿಲ್ವಾ?"