ಬರಿಗಿವಿಯ ಬೀಗಿತ್ತಿ

ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಿದ್ದಾಗ ಟವೆಲಿನ ನೂಲಿಗೆ ಸಿಕ್ಕ ಜುಮಕಿ ನನ್ನ ಎಡಗಿವಿಯ ಹಾಲೆಯನ್ನು ಸೀಳಿಬಿಟ್ಟಿತು. ಟವೆಲಿನ ತಪ್ಪೇನಿರಲಿಲ್ಲ. ತವರಿನವರು ಕೊಟ್ಟದ್ದೆಂಬ ಜಂಬಕ್ಕೆ ಆ ಭಾರದ ಜುಮಕಿಯನ್ನು ಅಡುಗೆಮನೆಯಲ್ಲೂ ಬಿಚ್ಚದೆ ತಿರುಗಿದವಳು ನಾನು. ತೂತು ವರ್ಷ ವರ್ಷಕ್ಕೂ ಕೆಳಗಿಳಿದು ದಾರದಷ್ಟು ಚರ್ಮ ಉಳಿದಿತ್ತು. ಬಲಗಿವಿಯದೂ ಅದೇ ಗತಿ, ಇವತ್ತೋ ನಾಳೆಯೋ ಅನ್ನುವಂತಿತ್ತು.

ನರಗುಂದದಲ್ಲಿ ನಮ್ಮದು ಕಾಳಿನ ವ್ಯಾಪಾರದ ಮನೆ, ಬಂದುಹೋಗುವವರು ಹೆಚ್ಚು. ತಲೆತುಂಬ ಸೆರಗು ಹೊದ್ದು ಓಡಾಡತೊಡಗಿದೆ. ಜನ ನನ್ನನ್ನು ಭಾರಿ ಮರ್ಯಾದಸ್ಥ ಹೆಂಗಸು ಅಂದುಕೊಂಡರು. ನನಗೆ ಒಳಗೊಳಗೇ ಅಳು. ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಅವಳ ಪಕ್ಕದಲ್ಲಿ ಹರಿದ ಕಿವಿ ಮುಚ್ಚಿಕೊಂಡು ಕಳ್ಳಿಯಂತೆ ನಿಲ್ಲುವುದು ಮಾತ್ರ ಸುತರಾಂ ಬೇಡವಾಗಿತ್ತು.

ಗಜೇಂದ್ರಗಡದ ಒಂದು ಬ್ಯೂಟಿ ಪಾರ್ಲರಿನಲ್ಲಿ ಹತ್ತು ನಿಮಿಷದಲ್ಲಿ ಕಿವಿ ಅಂಟಿಸುತ್ತಾರೆಂದು ಕೇಳಿ ಓಡಿದೆ.

"ಸೂಜಿ ಇಲ್ಲ, ಹೊಲಿಗಿ ಇಲ್ಲ, ಗಾಯದ ಕಲಿನೂ ಉಳಿಯಂಗಿಲ್ರಿ. ಲಗೂನ ಜುಮಕಿ ಹಾಕ್ಕೋಬಹುದು" ಎಂದಳು ಅಲ್ಲಿಯವಳು. ಅದೇನೋ ಔಷಧ ಹಚ್ಚಿದಳು. ಮೆಣಸಿನಕಾಯಿ ಅರೆದು ಸವರಿದಂತೆ ಉರಿಯಿತು. ವಾರದೊಳಗೆ ಕಿವಿ ಮತ್ತೆ ಬಾಯಿಬಿಟ್ಟಿತು, ಮೇಲೊಂದು ಸುಟ್ಟ ಕಲೆ.

ಆ ಗಾಯ ಒಣಗಿದ ಮೇಲೆ ರೋಣಕ್ಕೆ ಹೋದೆ. ವಾರಕ್ಕೊಮ್ಮೆ ಅಲ್ಲಿಗೆ ಬರುವ ಪ್ಲಾಸ್ಟಿಕ್ ಸರ್ಜರಿ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಎರಡೂ ಕಿವಿ ಹಿಡಿದು ನೋಡಿದಳು.

"ಹೊಲಿತೀನ್ರಿ. ಆದ್ರ ಸಣ್ಣ ಗೆರಿ ಉಳಿತೈತಿ, ಉಳಿಯಂಗಿಲ್ಲ ಅಂದ್ರ ಸುಳ್ಳಾಗ್ತೈತಿ. ಮೂರು ತಿಂಗಳು ಕಿವಿ ಚುಚ್ಚಂಗಿಲ್ಲ. ಆಮ್ಯಾಲೂ ಹಗೂರ ವಾಲಿ ಅಷ್ಟ. ಈ ಜುಮಕಿ ಇನ್ನ ಬ್ಯಾಡ್ರಿ."

"ಮದುವಿ ಮುಂದಿನ ತಿಂಗಳ ಐತಿ!" ಎಂದು ರೇಗಿದೆ.

"ಹಂಗಾರ ಮದುವಿ ಮುಗಿಸ್ಕೊಂಡ ಬರ್ರಿ. ನನಗೇನ ಅವಸರ ಇಲ್ಲ."

ಸಿಟ್ಟು ನೆತ್ತಿಗೇರಿತು. ಬಾಗಿಲಿಗೆ ಬಂದ ಗಿರಾಕಿಯನ್ನು ವಾಪಸು ಕಳಿಸುವುದನ್ನು ನಮ್ಮ ಅಂಗಡಿಯಲ್ಲಿ ನಾನು ಕಂಡೇ ಇರಲಿಲ್ಲ. ದಡದಡ ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಬುದ್ಧಿ ನೆಟ್ಟಗಾಯಿತು. ನನ್ನಿಂದ ಏನೂ ಕಿತ್ತುಕೊಳ್ಳುವ ಆತುರವಿಲ್ಲದವಳು ನನಗೇಕೆ ಸುಳ್ಳು ಹೇಳಿಯಾಳು? ಎದ್ದು ಮತ್ತೆ ಒಳಗೆ ಹೋದೆ.

"ಎರಡೂ ಹೊಲಿದುಬಿಡ್ರಿ."

"ಮದುವ್ಯಾಗ ಬರಿಗಿವೀಲೆ ನಿಂದರ್ತೀರಿ? ಖರೇನ?"

"ನಿಂದರ್ತೀನಿ."

ಮದುವೆಯ ದಿನ ಸೆರಗನ್ನು ಹೆಗಲಿಗೆ ಇಳಿಬಿಟ್ಟು, ತುರುಬು ಎತ್ತಿ ಕಟ್ಟಿ, ಚಪ್ಪರದ ನಟ್ಟನಡುವೆ ನಿಂತೆ. ಕಿವಿಯ ಗೆರೆಗಳು ಇನ್ನೂ ಕೆಂಪಗಿದ್ದವು. ಇರಲಿ, ಡಾಕ್ಟರಮ್ಮ ಹೇಳಿದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಷ್ಟೋ ದಿನಗಳ ಮೇಲೆ ಕಿವಿಗೆ ಗಾಳಿ ತಾಗಿ ನನಗೆ ಹಿಗ್ಗೋ ಹಿಗ್ಗು. ಆದರೆ ಮುತ್ತೈದೆ ಬರಿಗಿವಿಯಲ್ಲಿ ನಿಂತರೆ ನಮ್ಮ ಕಡೆ ಜನ ಸುಮ್ಮನಿರುತ್ತಾರೆಯೇ? ಗಂಡಿನ ಕಡೆಯ ಹಿರಿಯಳೊಬ್ಬಳು ಅಕ್ಷತೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

"ಏನ್ರೀ ಬೀಗರ, ಮಗಳ ಮದುವ್ಯಾಗ ಕಿವ್ಯಾಗ ಏನೂ ಇಲ್ಲಲ್ರಿ?"

ಮುಖವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ತೋರಿಸಿದೆ.

"ಕಿವಿ ಅದಾವಲ್ರಿ!" ಎಂದೆ, ವಾಲಗದವರಿಗೂ ಕೇಳುವಷ್ಟು ಜೋರಾಗಿ.